ಹಸಿರು ಭೇದಿ, ಕಾಲು ಸೋತ ನಾಟಿ ಕೋಳಿಗಳು: ಇದು ಕೊಕ್ಕರೆ ರೋಗವೇ?

ಹಿತ್ತಲ ಮನೆ, ಶಿರಾ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಮರಿಗಳನ್ನು ಬಿಟ್ಟು ಇಪ್ಪತ್ತೈದರ ಆಸುಪಾಸು ನಾಟಿ ಕೋಳಿಗಳಿವೆ. ಹಗಲೆಲ್ಲ ಹಿತ್ತಲಿನಲ್ಲಿಯೂ ಪಕ್ಕದ ರಾಗಿ ಕಣದಲ್ಲಿಯೂ ಮೇಯ್ದು ಸಂಜೆ ಹಳೆಯ ಕಲ್ಲುಗೋಡೆಯ ಕೊಟ್ಟಿಗೆಯನ್ನು ಸೇರುತ್ತವೆ. ಒಂದು ವಾರದಿಂದ ಈಚೆಗೆ ಬಲಿತ ಹೇಂಟೆಗಳು ಒಂದರ ಹಿಂದೆ ಒಂದು ಮಂಕಾಗುತ್ತಿವೆ. ಮೊದಲ ದಿನ ಮೇವು ಬಿಟ್ಟು ನೀರಿನ ಪಾತ್ರೆಯ ಬಳಿಯೇ ನಿಲ್ಲುತ್ತವೆ. ಮರುದಿನ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಕಾಲಿನ ಗಂಟಿನ ಮೇಲೆ ಕುಳಿತುಬಿಡುತ್ತವೆ. ಆಮೇಲೆ ಎಬ್ಬಿಸಿದರೂ ಏಳುವುದಿಲ್ಲ. ಹಿಕ್ಕೆ ನೀರಾಗಿ ಹಸಿರು ಬಣ್ಣಕ್ಕೆ ತಿರುಗಿದ್ದು, ನಡುನಡುವೆ ಸುಣ್ಣದಂತಹ ಬಿಳಿ ಎಂದಿಗಿಂತ ಹೆಚ್ಚಾಗಿ ಕಾಣುತ್ತದೆ. ಈಗಾಗಲೇ ಐದು ಸತ್ತಿವೆ, ಇನ್ನೂ ನಾಲ್ಕು ಕುಳಿತಲ್ಲೇ ಇವೆ.

ಊರಿನಲ್ಲಿ ಎಲ್ಲರೂ ಇದನ್ನು ಕೊಕ್ಕರೆ ರೋಗವೆಂದೇ ಹೇಳುತ್ತಿದ್ದಾರೆ. ಉಳಿದವನ್ನು ಸಂತೆಗೆ ಒಯ್ದು ಮಾರಿಬಿಡುವುದೇ ಲೇಸೆಂಬುದು ನಮ್ಮ ಮಾವನವರ ಅಭಿಪ್ರಾಯ. ಔಷಧದ ಅಂಗಡಿಯವರು ನೀರಿಗೆ ಬೆರೆಸುವ ಆ್ಯಂಟಿಬಯಾಟಿಕ್ ಪುಡಿಯೊಂದನ್ನು ಕೊಟ್ಟಿದ್ದಾರೆ. ಅದರ ಪೊಟ್ಟಣದ ಮೇಲೆ ಸಾವಿರ ಬ್ರಾಯ್ಲರ್ ಕೋಳಿಗಳ ಲೆಕ್ಕವಷ್ಟೇ ಇರುವುದರಿಂದ ಇನ್ನೂ ಕೊಟ್ಟಿಲ್ಲ. ಈಗ ಲಸಿಕೆ ಹಾಕಿಸಿದರೆ ಮಿಕ್ಕವು ಉಳಿಯುತ್ತವೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಗಿರಿರಾಜ ಸಾಕಣೆ, ಮಂಡ್ಯ

ಅಕ್ಕ, ಓದಿದರೆ ಕೊಕ್ಕರೆ ರೋಗದಂತೆಯೇ ಇದೆ. ಹಸಿರು ಭೇದಿ, ರೆಕ್ಕೆ ಇಳಿಬೀಳುವುದು, ಕಾಲು ಸೋಲುವುದು, ಇವೆಲ್ಲ ಅದರ ಲಕ್ಷಣಗಳೇ. ಲಸಿಕೆ ಹಾಕಿಸದ ಹಿಂಡಿಗೆ ಅದು ಹೊಕ್ಕರೆ ಕೆಲವೊಮ್ಮೆ ಒಂದೂ ಉಳಿಯುವುದಿಲ್ಲ. ವೈರಸ್ಸಿನಿಂದ ಬರುವ ರೋಗವಾದ್ದರಿಂದ ಅದಕ್ಕೆ ಮದ್ದೆಂಬುದಿಲ್ಲ. ಅಂಗಡಿಯ ಪುಡಿ ವೈರಸ್ಸನ್ನು ಏನೂ ಮಾಡದು.

ಒಂದು ಮಾತನ್ನು ಮಾತ್ರ ಖಂಡಿತವಾಗಿ ಹೇಳುತ್ತೇನೆ. ದಯವಿಟ್ಟು ಸಂತೆಗೆ ಒಯ್ಯಬೇಡಿ. ಕಾಯಿಲೆಯ ಮನೆಯಿಂದ ಬಂದ ಒಂದು ಹುಂಜ, ಹೊರಗೆ ಆರೋಗ್ಯವಾಗಿ ಕಂಡರೂ, ಸಂತೆಯಲ್ಲಿ ಅರ್ಧ ದಿನ ಕುಕ್ಕೆಯೊಳಗೆ ಕುಳಿತರೆ ಸಾಕು, ಮುಂದಿನ ವಾರದೊಳಗೆ ನಾಲ್ಕಾರು ಹಳ್ಳಿಗಳ ಹಿತ್ತಲು ಬರಿದಾಗುತ್ತದೆ. ನಮ್ಮ ಕಡೆ ಬೇಸಿಗೆಯ ಜಾತ್ರೆಗಳು ಮುಗಿದ ಮೇಲೆ ನಾಟಿ ಕೋಳಿಗಳು ಸಾಲಾಗಿ ಸಾಯುವುದಕ್ಕೆ ಬಿಸಿಲಿಗಿಂತ ಈ ಮಾರಾಟವೇ ಹೆಚ್ಚಿನ ಕಾರಣವೆಂದು ನನ್ನ ನಂಬಿಕೆ.

ಕಾಫಿ ತೋಟ, ಮೂಡಿಗೆರೆ

ನಮ್ಮಲ್ಲಿ ಕೋಳಿ ಮಂಕಾದರೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು, ಅರಿಶಿನಗಳನ್ನು ಅರೆದು ಚಿಕ್ಕ ಉಂಡೆ ಮಾಡಿ ನುಂಗಿಸುತ್ತೇವೆ. ನೆಗಡಿಯಂತಹ ಸಣ್ಣ ತೊಂದರೆಗಳಲ್ಲಿ ಕೋಳಿಗಳು ಚೇತರಿಸಿಕೊಂಡದ್ದನ್ನು ಕಂಡಿದ್ದೇನೆ. ಅದು ಉಂಡೆಯಿಂದಲೋ ತಾನಾಗಿಯೋ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕಾಲು ಸೋತ ಕೋಳಿಗೆ ಇದರಿಂದ ಆಗುವುದೇನೂ ಇಲ್ಲ. ಆದರೆ ಕಾಯಿಲೆಯ ಕೋಳಿಯನ್ನು ಬೇರೆ ಬುಟ್ಟಿಯಲ್ಲಿ ಬೆಚ್ಚಗಿಟ್ಟು, ಕೊಕ್ಕಿನ ಅಂಚಿಗೆ ಹನಿಹನಿಯಾಗಿ ಬೆಲ್ಲದ ನೀರು ಬಿಡುವುದನ್ನು ಯಾವ ರೋಗವಾದರೂ ಮಾಡಬಹುದು. ಬಾಯಿ ಅಗಲಿಸಿ ಸುರಿಯಬೇಡಿ. ನೀರು ಉಸಿರಿನ ಕೊಳವೆಗೆ ಇಳಿದರೆ ರೋಗಕ್ಕಿಂತ ಮೊದಲು ಅದೇ ಕೊಲ್ಲುತ್ತದೆ.

ನಿವೃತ್ತ ಪಶುವೈದ್ಯ, ತುಮಕೂರು

ಹೆಸರಿಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಬೇಕಾಗಿದೆ. ಹಸಿರು ಭೇದಿ ಎಂಬುದು ಯಾವುದೇ ಒಂದು ರೋಗದ ಗುರುತಲ್ಲ. ಎರಡು ದಿನ ಮೇವು ಮುಟ್ಟದ ಯಾವ ಕೋಳಿಯಾದರೂ ಹಸಿರಾಗಿಯೇ ಹಿಕ್ಕೆ ಹಾಕುತ್ತದೆ, ಏಕೆಂದರೆ ಖಾಲಿ ಕರುಳಿನಿಂದ ಪಿತ್ತರಸವೊಂದೇ ಹೊರಬರುತ್ತಿರುತ್ತದೆ. ಹಾಗಾಗಿ ಆ ಬಣ್ಣವು ಕೋಳಿ ಉಪವಾಸವಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಏಕೆ ಉಪವಾಸವಿದೆ ಎಂಬುದನ್ನು ಹೇಳುವುದಿಲ್ಲ. ಜ್ವರದ ವಿಷಯವೂ ಹಾಗೆಯೇ. ಆರೋಗ್ಯವಂತ ಕೋಳಿಯ ಮೈಶಾಖವೇ 107 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿರುವುದರಿಂದ, ಮುಟ್ಟಿ ನೋಡಿ ಬಿಸಿಯಾಗಿದೆ ಎನ್ನುವವರೆಲ್ಲ ಸರಿಯಾದ ಕೋಳಿಯನ್ನೇ ಮುಟ್ಟಿರಬಹುದು.

ಕೊಕ್ಕರೆ ರೋಗವಾದರೆ ಸಾಮಾನ್ಯವಾಗಿ ಉಸಿರಾಟದ ತೊಂದರೆಯೂ ನರಗಳ ತೊಂದರೆಯೂ ಜೊತೆಗೂಡುತ್ತವೆ. ಕೊಕ್ಕು ತೆರೆದು ಕತ್ತು ಚಾಚಿ ಉಸಿರೆಳೆಯುವುದು, ಗೊರಗೊರ ಸದ್ದು, ಬದುಕಿ ಉಳಿದವುಗಳಲ್ಲಿ ಕತ್ತು ತಿರುಚಿ ತಲೆ ಬೆನ್ನ ಮೇಲೆ ಮಲಗುವುದು, ಮೊಟ್ಟೆ ಒಮ್ಮೆಲೇ ನಿಲ್ಲುವುದು ಅಥವಾ ತೊಗಲಿನಂತಹ ಚಿಪ್ಪಿನ ಮೊಟ್ಟೆ ಬೀಳುವುದು, ಇವುಗಳಲ್ಲಿ ಕೆಲವಾದರೂ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ವಯಸ್ಸು ನೋಡುವುದಿಲ್ಲ. ಲಸಿಕೆಯಿಲ್ಲದ ಮರಿಗಳೇ ಮೊದಲು ಹೋಗುತ್ತವೆ. ತಾವು ಬಲಿತ ಹೇಂಟೆಗಳೆಂದು ಬರೆದಿರುವುದು ನನ್ನನ್ನು ತಡೆದು ನಿಲ್ಲಿಸಿದೆ.

ಆದ್ದರಿಂದ ದಯವಿಟ್ಟು ತಿಳಿಸಿ. ಮರಿಗಳು ಹೇಗಿವೆ, ಮತ್ತು ಅವು ರಾತ್ರಿ ಎಲ್ಲಿರುತ್ತವೆ? ಯಾವುದಾದರೂ ಕೋಳಿ ಬಾಯಿ ತೆರೆದು ಉಸಿರಾಡುತ್ತಿದೆಯೇ, ಮೂಗಿನಿಂದ ಸೋರುತ್ತಿದೆಯೇ, ಮುಖ ಊದಿದೆಯೇ? ಜುಟ್ಟಿನ ಬಣ್ಣ ಏನಾಗಿದೆ? ಈಚೆಗೆ ಹೊರಗಿನಿಂದ ಕೋಳಿ ತಂದಿರಾ? ಸುತ್ತಲಿನ ಹೊಲದಲ್ಲಿ ಕೀಟನಾಶಕ ಹೊಡೆದಿದ್ದಾರೆಯೇ, ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ? ನೆರೆಮನೆಗಳಲ್ಲಿಯೂ ಸಾಯುತ್ತಿವೆಯೇ? ಕೊನೆಯದಾಗಿ, ಕಾಯಿಲೆ ಬಿದ್ದ ಕೋಳಿಗಳೆಲ್ಲ ಒಂದೇ ಕಡೆ ಮಲಗುವಂತಹವೇ?

ಪುಡಿಯನ್ನು ಇನ್ನೂ ಕೊಡದಿರುವುದು ಒಳ್ಳೆಯದೇ ಆಯಿತು. ಹಾಗೆಯೇ ಇಟ್ಟಿರಿ. ಜ್ವರವಿರುವ ಕೋಳಿಗೆ ಈಗ ಲಸಿಕೆಯೂ ಬೇಡ. ಜೀವಂತ ವೈರಸ್ಸಿನ ಲಸಿಕೆಯು ಆರೋಗ್ಯವಂತ ಕೋಳಿಗೆ ರಕ್ಷಣೆ ಕೊಡುವುದಕ್ಕಾಗಿಯೇ ಹೊರತು ಕಾಯಿಲೆಯ ಕೋಳಿಗೆ ಚಿಕಿತ್ಸೆಯಾಗಿ ಅಲ್ಲ.

ಒಂದು ಎಚ್ಚರಿಕೆ. ಒಂದೆರಡು ದಿನದೊಳಗೆ ಹಿಂಡಿನ ಬಹುಪಾಲು ಸತ್ತುಬಿದ್ದರೆ, ಅಥವಾ ಜುಟ್ಟು ನೀಲಿಗಟ್ಟಿ, ತಲೆ ಊದಿ, ಕಾಲಿನ ಚರ್ಮದ ಮೇಲೆ ರಕ್ತದ ಕಲೆಗಳು ಕಂಡರೆ, ಯಾವುದನ್ನೂ ಮನೆಯಲ್ಲಿ ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಹಕ್ಕಿಜ್ವರವು ದೊಡ್ಡ ಫಾರಂಗಳ ರೋಗವೆಂಬ ಭಾವನೆ ತಪ್ಪು. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯಲ್ಲಿ ಕಾಣಿಸಿಕೊಂಡ ಅದೇ ರೋಗ 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಮನೆಯ ಕೋಳಿಗಳಲ್ಲಿಯೇ ಕಾಣಿಸಿಕೊಂಡಿತು.

ಹಿತ್ತಲ ಮನೆ, ಶಿರಾ ತಾಲ್ಲೂಕು

ಡಾಕ್ಟರೇ, ತಮ್ಮ ಪ್ರಶ್ನೆಗಳನ್ನು ಓದಿಕೊಂಡು ಮತ್ತೊಮ್ಮೆ ಎಲ್ಲವನ್ನೂ ನೋಡಿ ಬಂದು ಬರೆಯುತ್ತಿದ್ದೇನೆ. ಬಾಯಿ ತೆರೆದು ಉಸಿರಾಡುವುದಾಗಲಿ ಕತ್ತು ತಿರುಚುವುದಾಗಲಿ ಯಾವುದರಲ್ಲಿಯೂ ಇಲ್ಲ, ಮುಖ ಊದಿಲ್ಲ. ಜುಟ್ಟು ಮೊದಲು ಕಪ್ಪುಗೆಂಪಾಗಿದ್ದು ಈಗ ಬಿಳಿಚಿಕೊಂಡಿದೆ. ಹೊಲಕ್ಕೆ ಔಷಧ ಹೊಡೆದಿಲ್ಲ, ಪಾಷಾಣವನ್ನೂ ಇಟ್ಟಿಲ್ಲ. ನೆರೆಮನೆಯ ಕೋಳಿಗಳು ನಮ್ಮವುಗಳ ಜೊತೆಯಲ್ಲಿಯೇ ಮೇಯ್ದರೂ ಅವರಲ್ಲಿ ಒಂದೂ ಸತ್ತಿಲ್ಲ. ಯುಗಾದಿಯ ಹಿಂದೆಮುಂದೆ ತವರಿನಿಂದ ಎರಡು ಹೇಂಟೆಗಳನ್ನು ತಂದಿದ್ದೆವು.

ಮರಿಗಳು ಚುರುಕಾಗಿಯೇ ಇವೆ. ಎರಡು ತಾಯಿಕೋಳಿಗಳು ತಮ್ಮ ಮರಿಗಳೊಂದಿಗೆ ರಾತ್ರಿ ನಡುಮನೆಯ ಮಂಕರಿಯ ಕೆಳಗೆ ಮಲಗುತ್ತವೆ. ಆ ತಾಯಿಕೋಳಿಗಳಿಗೂ ಏನೂ ಆಗಿಲ್ಲ. ಮೂರು ಹುಂಜಗಳು ಕೊಟ್ಟಿಗೆಗೆ ಬಾರದೆ ಬೇವಿನ ಮರದ ಮೇಲೆಯೇ ಕೂರುತ್ತವೆ, ಅವೂ ಚೆನ್ನಾಗಿವೆ. ತಾವು ಕೇಳಿದ ಮೇಲೆಯೇ ನನಗೆ ಹೊಳೆದದ್ದು: ಸತ್ತವು ಮತ್ತು ಕುಳಿತವು ಎಲ್ಲವೂ ಕೊಟ್ಟಿಗೆಯಲ್ಲಿ ಮಲಗುವಂತಹವು.

ನಿವೃತ್ತ ಪಶುವೈದ್ಯ, ತುಮಕೂರು

ಈ ಉತ್ತರದಲ್ಲಿ ಅರ್ಧ ರೋಗನಿರ್ಣಯವಿದೆ. ಹಗಲು ಒಂದೇ ಕಣದಲ್ಲಿ ಮೇಯ್ದು ಒಂದೇ ಪಾತ್ರೆಯ ನೀರು ಕುಡಿದ ಕೋಳಿಗಳಲ್ಲಿ, ಕೊಟ್ಟಿಗೆಯಲ್ಲಿ ಮಲಗಿದವು ಮಾತ್ರ ಬೀಳುತ್ತಿವೆ ಎಂದಾದರೆ, ಗಾಳಿಯಲ್ಲಿ ನೀರಿನಲ್ಲಿ ಹರಡುವ ಕೊಕ್ಕರೆ ರೋಗವನ್ನು ಸಂಶಯಪಡುವುದಕ್ಕಿಂತ ಮೊದಲು ಆ ಕೊಟ್ಟಿಗೆಯ ಗೋಡೆಯನ್ನು ಸಂಶಯಪಡಬೇಕು.

ಇಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾರ್ಚ್ ಹಿಡಿದು ಹೋಗಿ. ಕೋಳಿ ಕೂರುವ ಗಳದ ಅಡಿಭಾಗ, ಗಳವು ಗೋಡೆಯನ್ನು ಸೇರುವ ಸಂದು, ಮಣ್ಣಿನ ಮೆತ್ತಿಗೆ ಎದ್ದಿರುವ ಜಾಗ, ತೊಲೆಯ ಬಿರುಕು, ಇವುಗಳಲ್ಲಿ ಚಪ್ಪಟೆಯಾದ, ಮೊಟ್ಟೆಯಾಕಾರದ, ಬೂದು ಇಲ್ಲವೇ ಕಂದು ಬಣ್ಣದ ಉಣ್ಣೆಗಳಿವೆಯೇ ನೋಡಿ. ಇದು ದನದ ಮೈಗೆ ಕಚ್ಚಿಕೊಂಡೇ ಇರುವ ಉಣ್ಣೆಯಲ್ಲ. ಬಲಿತ ಕೋಳಿ ಉಣ್ಣೆಯು ಹಗಲೆಲ್ಲ ಗೋಡೆಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬಂದು ಕೋಳಿಯ ರಕ್ತ ಹೀರಿ ಬೆಳಗಾಗುವ ಮೊದಲು ಮರಳುತ್ತದೆ. ಆದ್ದರಿಂದಲೇ ಹಗಲಿನಲ್ಲಿ ಕೋಳಿಯ ಗರಿ ಬಿಡಿಸಿ ನೋಡಿದವರು ಏನೂ ಇಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅದರ ಮರಿಗಳು ಮಾತ್ರ ಕೆಲವು ದಿನ ಮೈಗೆ ಅಂಟಿಕೊಂಡಿರುತ್ತವೆ. ರೆಕ್ಕೆಯ ಕೆಳಗಿನ ಬೋಳು ಚರ್ಮದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪುಗೆಂಪು ಕಾಳುಗಳು ಕಂಡರೆ ಅವೇ.

ಈ ಉಣ್ಣೆಯು ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾವನ್ನು ಕೋಳಿಯ ರಕ್ತಕ್ಕೆ ಸೇರಿಸುತ್ತದೆ. ಆಗ ಬರುವ ಜ್ವರಕ್ಕೆ ಸ್ಪೈರೋಕೀಟೋಸಿಸ್ ಎಂದು ಹೆಸರು. ಜೋರಾದ ಜ್ವರ, ವಿಪರೀತ ಬಾಯಾರಿಕೆ, ಬಿಳಿ ಬೆರೆತ ಹಸಿರು ಭೇದಿ, ಕಾಲು ರೆಕ್ಕೆಗಳ ಸೋಲು, ಕೊನೆಗೆ ರಕ್ತ ಕಡಿಮೆಯಾಗಿ ಜುಟ್ಟು ಬಿಳಿಚುವುದು, ಹೀಗೆ ಅದು ಸಾಗುತ್ತದೆ. ಕೊಕ್ಕರೆ ರೋಗಕ್ಕಿಲ್ಲದ ಒಂದು ಅನುಕೂಲ ಇದಕ್ಕಿದೆ: ಹೊತ್ತಿಗೆ ಸರಿಯಾಗಿ ಕೊಟ್ಟರೆ ಪೆನಿಸಿಲಿನ್ನಿಗೆ ಇದು ಬಗ್ಗುತ್ತದೆ.

ಆದರೆ ನಾನು ಇಲ್ಲಿ ಕುಳಿತು ಹೇಳಿದ್ದು ಊಹೆಯಷ್ಟೇ. ನಾಳೆ ಬೆಳಿಗ್ಗೆ ತಾಲ್ಲೂಕು ಪಶು ಆಸ್ಪತ್ರೆಗೆ ಎರಡು ಕೋಳಿಗಳನ್ನು ಒಯ್ಯಿರಿ. ಒಂದು, ಇಂದೇ ಮಂಕಾಗಲು ಆರಂಭಿಸಿದ್ದು. ಇನ್ನೊಂದು, ಸತ್ತದ್ದಿದ್ದರೆ ಅದು. ರಕ್ತದಲ್ಲಿ ಈ ಬ್ಯಾಕ್ಟೀರಿಯಾ ಜ್ವರವಿರುವಾಗ ಕಾಣುತ್ತದೆ, ಸಾಯುವ ಹೊತ್ತಿಗೆ ಮಾಯವಾಗಿರುತ್ತದೆ. ಆದ್ದರಿಂದ ಕೊನೆಯುಸಿರೆಳೆಯುತ್ತಿರುವ ಕೋಳಿಯ ರಕ್ತದ ಲೇಪ ನೋಡಿ ಪ್ರಯೋಜನವಿಲ್ಲ. ಆ್ಯಂಟಿಬಯಾಟಿಕ್ ಪುಡಿ ಕೊಟ್ಟಿದ್ದರೂ ಅದು ಕಾಣದೆ ಹೋಗುತ್ತಿತ್ತು. ಸತ್ತದ್ದನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಮಂಜುಗಡ್ಡೆಯ ಜೊತೆ ಒಯ್ಯಬೇಕು. ಫ್ರೀಜರಿನಲ್ಲಿಟ್ಟು ಗಟ್ಟಿಯಾಗಿಸಿದರೆ ಒಳಗಿನ ಅಂಗಗಳು ಪರೀಕ್ಷೆಗೆ ಕೆಡುತ್ತವೆ.

ಗಿರಿರಾಜ ಸಾಕಣೆ, ಮಂಡ್ಯ

ಡಾಕ್ಟರ ಮಾತಿಗೆ ಎದುರು ಹೇಳುತ್ತಿಲ್ಲ, ಆದರೂ ಒಂದು ಆತಂಕವಿದೆ. ಇದನ್ನು ಓದಿದವರು ಹಸಿರು ಭೇದಿ ಕಂಡ ಕೂಡಲೇ ಉಣ್ಣೆ ಜ್ವರವೆಂದುಕೊಂಡು ಪೆನಿಸಿಲಿನ್ ಹುಡುಕಿಕೊಂಡು ಹೋದರೆ, ನಿಜವಾದ ಕೊಕ್ಕರೆ ರೋಗ ಊರೆಲ್ಲ ಹರಡುವವರೆಗೂ ಯಾರೂ ಎಚ್ಚರಗೊಳ್ಳುವುದಿಲ್ಲ. ಅಲ್ಲದೆ ಎರಡೂ ಒಟ್ಟಿಗೆ ಇರಬಾರದೆಂದೇನೂ ಇಲ್ಲವಲ್ಲ? ಲಸಿಕೆಯಿಲ್ಲದ ಹಿಂಡು, ಹೊರಗಿನಿಂದ ಬಂದ ಹೇಂಟೆಗಳು, ಬೇಸಿಗೆ, ಈ ಮೂರೂ ಸೇರಿದ ಕಡೆ ಕೊಕ್ಕರೆ ರೋಗವನ್ನು ಪಟ್ಟಿಯಿಂದ ಕೈಬಿಡುವುದು ನನಗೆ ಸರಿಯೆನಿಸುವುದಿಲ್ಲ.

ನಿವೃತ್ತ ಪಶುವೈದ್ಯ, ತುಮಕೂರು

ತಮ್ಮ ಆತಂಕ ನ್ಯಾಯವಾದದ್ದು. ಕೈಬಿಡಬೇಕೆಂದು ನಾನೂ ಹೇಳಿಲ್ಲ. ಸತ್ತ ಕೋಳಿಯನ್ನು ಒಯ್ಯಲು ಹೇಳಿದ್ದು ಅದಕ್ಕಾಗಿಯೇ. ಕೊಕ್ಕರೆ ರೋಗದಲ್ಲಿ ಕಾಳು ಅರೆಯುವ ಗಟ್ಟಿ ಜಠರಕ್ಕೆ ಮೊದಲು ಬರುವ ಮೆತ್ತನೆಯ ಜಠರವನ್ನು ಸೀಳಿದರೆ, ಅದರ ಒಳಗಿನ ಗ್ರಂಥಿಗಳ ತುದಿಯಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಅನೇಕ ವೇಳೆ ಕಾಣುತ್ತವೆ. ಉಣ್ಣೆ ಜ್ವರದಲ್ಲಿ ಗುಲ್ಮವು ಹಲವು ಪಟ್ಟು ಊದಿ ಚುಕ್ಕೆಚುಕ್ಕೆಯಾಗಿರುತ್ತದೆ. ಕಣ್ಣಿನ ಅಂದಾಜನ್ನು ಗಟ್ಟಿ ಮಾಡಿಕೊಳ್ಳಬೇಕಾದರೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಗೆ ಮಾದರಿ ಕಳುಹಿಸುವ ವ್ಯವಸ್ಥೆಯಿದೆ. ಅದನ್ನು ಆಸ್ಪತ್ರೆಯವರ ಮೂಲಕವೇ ಮಾಡಿಸಬೇಕು.

ತಾರಸಿ ಕೋಳಿ, ಬೆಂಗಳೂರು

ಇದೇ ಮಾತಿಗೆ ಸೇರಿದ ಇನ್ನೊಂದು ಪ್ರಶ್ನೆ. ನಮ್ಮ ತಾರಸಿಯಲ್ಲಿ ನಾಲ್ಕು ವಾರದ ಹನ್ನೆರಡು ಮರಿಗಳಿವೆ. ಮಳೆ ಬಂದು ಕೆಳಗಿನ ಹೊಟ್ಟು ಒದ್ದೆಯಾದ ಬಳಿಕ ಹಿಕ್ಕೆಯಲ್ಲಿ ರಕ್ತ ಕಾಣುತ್ತಿದೆ, ಮರಿಗಳು ಗುಂಪಾಗಿ ಮುದುಡಿಕೊಳ್ಳುತ್ತಿವೆ. ಶಕ್ತಿ ಬರಲೆಂದು ಬಿ ಕಾಂಪ್ಲೆಕ್ಸ್ ಹನಿಗಳನ್ನು ನೀರಿಗೆ ಹಾಕುತ್ತಿದ್ದೇವೆ. ತಾರಸಿಯಲ್ಲಿ ಉಣ್ಣೆಯಂತೂ ಇಲ್ಲ.

ನಿವೃತ್ತ ಪಶುವೈದ್ಯ, ತುಮಕೂರು

ಮೂರರಿಂದ ಎಂಟು ವಾರದ ಮರಿ, ಒದ್ದೆಯಾದ ಹೊಟ್ಟು, ರಕ್ತ ಭೇದಿ, ಈ ಮೂರು ಕೂಡಿದರೆ ಬಹುಪಾಲು ಅದು ಕಾಕ್ಸಿಡಿಯೋಸಿಸ್, ಅಂದರೆ ಕರುಳಿನಲ್ಲಿ ಬೆಳೆಯುವ ಸೂಕ್ಷ್ಮ ಪರಾವಲಂಬಿಯಿಂದ ಬರುವ ರೋಗ. ಆಂಪ್ರೋಲಿಯಂ ಎಂಬ ಔಷಧವಿದೆ. 20 ಪ್ರತಿಶತದ ಪುಡಿಯಾದರೆ ಒಂದು ಲೀಟರ್ ನೀರಿಗೆ 0.6 ಗ್ರಾಂ, ರೋಗ ಜೋರಾಗಿದ್ದರೆ 1.2 ಗ್ರಾಂ, ಐದರಿಂದ ಏಳು ದಿನ ಆ ನೀರನ್ನಲ್ಲದೆ ಬೇರೆ ನೀರು ಸಿಗಬಾರದು, ಮತ್ತು ಪ್ರತಿದಿನ ಹೊಸದಾಗಿ ಬೆರೆಸಬೇಕು. ತಮ್ಮಲ್ಲಿರುವ ಪೊಟ್ಟಣ ಬೇರೆ ಪ್ರಮಾಣದ್ದಾದರೆ ಈ ಲೆಕ್ಕ ಹೊಂದುವುದಿಲ್ಲ, ಓದಿ ನೋಡಿ.

ಬಿ ಕಾಂಪ್ಲೆಕ್ಸನ್ನು ಈಗಲೇ ನಿಲ್ಲಿಸಿ. ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಪರಾವಲಂಬಿಗೆ ಬಿ1 ಜೀವಸತ್ವ ಸಿಗದಂತೆ ಮಾಡಿ. ಒಂದು ಕೈಯಿಂದ ಔಷಧವನ್ನೂ ಇನ್ನೊಂದು ಕೈಯಿಂದ ಬಿ1 ಜೀವಸತ್ವವನ್ನೂ ಹಾಕಿದರೆ ಪರಾವಲಂಬಿಯೇ ಪುಷ್ಟವಾಗುತ್ತದೆ. ಔಷಧ ಮುಗಿದ ಮೇಲೆ ಬೇಕಾದರೆ ಕೊಡಿ. ಒದ್ದೆ ಹೊಟ್ಟನ್ನೆಲ್ಲ ತೆಗೆದು ಒಣಗಿದ್ದನ್ನು ಹಾಕಿ. ಆ ಪರಾವಲಂಬಿಯ ಮೊಟ್ಟೆಗಳು ಬೆಚ್ಚನೆಯ ತೇವದಲ್ಲಿ ಒಂದೆರಡು ದಿನಗಳಲ್ಲಿಯೇ ಸೋಂಕು ಹರಡಲು ಸಿದ್ಧವಾಗುತ್ತವೆ, ಫಿನಾಯಿಲ್ಲಿಗೆ ಅವು ಸಾಯುವುದಿಲ್ಲ. ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲೆ, ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟರೆ ಚೆಲ್ಲುವುದು ಕಡಿಮೆಯಾಗುತ್ತದೆ.

ಕಡಲಾಚೆಯ ಕನ್ನಡಿತಿ, ಕ್ಯಾಲಿಫೋರ್ನಿಯ

ನಾವು ಲಾಸ್ ಏಂಜಲೀಸಿನ ಹೊರವಲಯದಲ್ಲಿ ಹಿತ್ತಲ ಕೋಳಿ ಸಾಕುತ್ತೇವೆ. ಇಲ್ಲಿ ನ್ಯೂಕ್ಯಾಸಲ್ ಎಂದು ಕರೆಯುವ ಇದೇ ಕೊಕ್ಕರೆ ರೋಗ 2018ರ ಮೇ ತಿಂಗಳಿನಲ್ಲಿ ಮನೆಗಳಲ್ಲಿ ಸಾಕಿದ ಕೋಳಿಗಳಲ್ಲಿಯೇ ಮೊದಲು ಪತ್ತೆಯಾಯಿತು. 2020ರ ಜೂನಿನಲ್ಲಿ ರೋಗ ನಿರ್ಮೂಲವಾಯಿತೆಂದು ಘೋಷಿಸುವವರೆಗೆ ಹನ್ನೆರಡು ಲಕ್ಷದಷ್ಟು ಕೋಳಿಗಳನ್ನು ಕೊಲ್ಲಲಾಯಿತು. ರೋಗ ಕಾಣಿಸಿಕೊಂಡ ಬಡಾವಣೆಗಳಲ್ಲಿ ಆರೋಗ್ಯವಾಗಿದ್ದ ಹಿಂಡುಗಳನ್ನೂ ಬಿಡಲಿಲ್ಲ. ಆದ್ದರಿಂದ ಇಲ್ಲಿ ಎಷ್ಟೋ ಮಂದಿ ಕಾಯಿಲೆಯನ್ನು ಮುಚ್ಚಿಟ್ಟರೆಂಬ ಮಾತಿತ್ತು. ಊರಿನಲ್ಲಿ ಲಸಿಕೆಯೊಂದು ಅಗ್ಗವಾಗಿ ಸಿಗುವಾಗ ಅದನ್ನು ಹಾಕಿಸದಿರುವುದು ನನಗೆ ಅರ್ಥವಾಗದ ಸಂಗತಿ.

ಕಾಫಿ ತೋಟ, ಮೂಡಿಗೆರೆ

ಅರ್ಥವಾಗದಿರುವುದಕ್ಕೇನಿದೆ ಮೇಡಂ? ಲಸಿಕೆಯ ಸೀಸೆ ಸಿಗುವುದು ನೂರು, ಇನ್ನೂರು, ಐನೂರು ಡೋಸುಗಳ ಲೆಕ್ಕದಲ್ಲಿ. ಮನೆಯಲ್ಲಿರುವುದು ಹದಿನೈದು ಕೋಳಿ. ಪಟ್ಟಣದಿಂದ ಮಂಜುಗಡ್ಡೆಯಲ್ಲಿಟ್ಟು ತಂದು, ಒಡೆದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಬಸ್ಸು ಕೆಟ್ಟು ನಿಂತರೆ ಅದು ಲಸಿಕೆಯಾಗಿ ಉಳಿಯುವುದಿಲ್ಲ. ತಡೆಯಿರುವುದು ಬೆಲೆಯಲ್ಲಲ್ಲ, ದಾರಿಯಲ್ಲಿ.

ಹಿತ್ತಲ ಮನೆ, ಶಿರಾ ತಾಲ್ಲೂಕು

ಆದದ್ದನ್ನು ತಿಳಿಸುತ್ತಿದ್ದೇನೆ. ಅಂದು ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಗಳದ ಅಡಿಯಲ್ಲಿ ಉಣ್ಣೆಗಳು ಸಾಲುಸಾಲಾಗಿ ಇದ್ದವು. ಕೆಲವು ರಕ್ತ ಕುಡಿದು ಹುರುಳಿಕಾಳಿನಂತೆ ಉಬ್ಬಿದ್ದವು. ಮೆತ್ತಿಗೆಯ ಒಂದು ಹಕ್ಕಳೆಯನ್ನು ಕಿತ್ತಾಗ ಅದರ ಹಿಂದೆ ಕಂಡದ್ದನ್ನು ಬರೆಯಲು ಮನಸ್ಸಾಗುತ್ತಿಲ್ಲ. ಕೊಟ್ಟಿಗೆಯಲ್ಲಿ ಮಲಗಿದರೆ ಏನೋ ಕಚ್ಚುತ್ತದೆಂದು ಮಾವನವರು ಹಿಂದೊಮ್ಮೆ ಹೇಳುತ್ತಿದ್ದುದಕ್ಕೂ ಇದೇ ಕಾರಣವಿರಬೇಕು. ತವರಿನಿಂದ ತಂದ ಹೇಂಟೆಗಳ ರೆಕ್ಕೆಯ ಕೆಳಗೂ ತಾವು ಹೇಳಿದ ಕಾಳುಗಳಿದ್ದವು. ಆದರೆ ಅವು ಅಲ್ಲಿಂದ ಬಂದವೋ ಇಲ್ಲಿ ಹತ್ತಿದವೋ ಹೇಳಲಾಗದು.

ಮರುದಿನ ಆಸ್ಪತ್ರೆಯಲ್ಲಿ, ಬೆಳಿಗ್ಗೆಯಷ್ಟೇ ಮಂಕಾಗಿದ್ದ ಕೋಳಿಯ ರೆಕ್ಕೆಯ ರಕ್ತನಾಳದಿಂದ ರಕ್ತ ತೆಗೆದು, ಗಾಜಿನ ಮೇಲೆ ಲೇಪಿಸಿ, ಬಣ್ಣ ಹಾಕಿ ನೋಡಿದರು. ಸುರುಳಿ ಬ್ಯಾಕ್ಟೀರಿಯಾ ಇರುವುದು ಖಚಿತವಾಯಿತು. ಸತ್ತ ಕೋಳಿಯನ್ನು ಕೊಯ್ದಾಗ ಗುಲ್ಮ ಊದಿದ್ದಿತು; ಜಠರದಲ್ಲಿ ರಕ್ತದ ಚುಕ್ಕೆಗಳಿರಲಿಲ್ಲ. ಆದರೂ ಮಂಡ್ಯದ ಅಣ್ಣನವರ ಸಂಶಯವನ್ನು ಹೇಳಿದ್ದರಿಂದ ಹೆಬ್ಬಾಳಕ್ಕೂ ಮಾದರಿ ಕಳುಹಿಸಿದ್ದಾರೆ, ಅದರ ವರದಿ ಇನ್ನೂ ಬರಬೇಕು. ಪ್ರತಿ ಕೋಳಿಯನ್ನು ತೂಗಿ, ಆ ತೂಕಕ್ಕೆ ತಕ್ಕಂತೆ ಎದೆಯ ಮಾಂಸಕ್ಕೆ ಪೆನಿಸಿಲಿನ್ ಕೊಟ್ಟರು. ಆಗಷ್ಟೇ ಮಂಕಾಗಿದ್ದವು ಮರುದಿನವೇ ಕಾಳು ಹೆಕ್ಕತೊಡಗಿದವು. ಕುಳಿತಿದ್ದ ನಾಲ್ಕರಲ್ಲಿ ಎರಡು ಎದ್ದವು, ಎರಡು ಉಳಿಯಲಿಲ್ಲ. ಆಸ್ಪತ್ರೆಯವರು ಹೇಳಿದ ಗಡುವು ಮುಗಿಯುವವರೆಗೆ ಅವುಗಳ ಮೊಟ್ಟೆಯನ್ನು ತಿನ್ನುತ್ತಿಲ್ಲ, ಮಾರುತ್ತಲೂ ಇಲ್ಲ.

ಈಗಿನ ಪ್ರಶ್ನೆ ಕೊಟ್ಟಿಗೆಯದು. ಸೀಮೆಎಣ್ಣೆ ಸುರಿಯಲೇ, ಸುಣ್ಣ ಬಳಿಯಲೇ, ಕೆಡವಿಯೇ ಬಿಡಲೇ? ಕೆಲವು ತಿಂಗಳು ಖಾಲಿ ಬಿಟ್ಟರೆ ಹಸಿದು ಸಾಯುತ್ತವೆಂದೂ ಒಬ್ಬರು ಹೇಳಿದರು.

ನಿವೃತ್ತ ಪಶುವೈದ್ಯ, ತುಮಕೂರು

ಖಾಲಿ ಬಿಡುವುದರಿಂದ ಸಾಯುವುದಿಲ್ಲ. ಬಲಿತ ಕೋಳಿ ಉಣ್ಣೆಯು ಒಂದು ತೊಟ್ಟು ರಕ್ತವಿಲ್ಲದೆ ವರ್ಷಕ್ಕೂ ಮೀರಿ ಬದುಕಬಲ್ಲದು, ಆ ಅವಧಿಯ ನಂತರವೂ ರೋಗವನ್ನು ಹರಡಬಲ್ಲದು, ತನ್ನ ಮೊಟ್ಟೆಗಳ ಮೂಲಕ ಮರಿಗಳಿಗೂ ದಾಟಿಸಬಲ್ಲದು. ಹಾಗಾಗಿ ಕೋಳಿಗೆ ಮಾಡಿದ ಚಿಕಿತ್ಸೆ ಅರ್ಧವಷ್ಟೇ. ರೋಗದ ಬೇರು ಗೋಡೆಯಲ್ಲಿದೆ.

ಕೋಳಿಗಳನ್ನು ಬೇರೆಡೆಗೆ ಸಾಗಿಸಿ ಗಳ, ಬುಟ್ಟಿ, ಹಳೆಯ ಹುಲ್ಲು ಎಲ್ಲವನ್ನೂ ಹೊರಹಾಕಿ. ಹುಲ್ಲನ್ನೂ ಬಿರುಕುಬಿಟ್ಟ ಗಳವನ್ನೂ ಸುಟ್ಟುಬಿಡಿ. ಸಡಿಲಾದ ಮೆತ್ತಿಗೆಯನ್ನು ಕೆರೆದು ತೆಗೆದು, ಕಲ್ಲುಗೋಡೆಯ ಸಂದುಗಳಿಗೆ ಬ್ಲೋಲ್ಯಾಂಪಿನ ಜ್ವಾಲೆ ಹಿಡಿಯುವುದು ಬಹಳ ಪರಿಣಾಮಕಾರಿ. ಆದರೆ ತಮ್ಮ ಕೊಟ್ಟಿಗೆಗೆ ಮರದ ತೊಲೆ ಅಥವಾ ಗರಿಯ ಚಾವಣಿ ಇದ್ದರೆ ಆ ಯೋಚನೆಯನ್ನೇ ಬಿಡಿ. ಬಳಿಕ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ದ್ರಾವಣವನ್ನು ಸೀಸೆಯ ಮೇಲೆ ಬರೆದ ಪ್ರಮಾಣದಲ್ಲಿ, ಗೋಡೆಯ ಮೇಲ್ಮೈಗಲ್ಲ, ಬಿರುಕಿನೊಳಗೆ ನುಗ್ಗುವಂತೆ ಹೊಡೆಯಬೇಕು. ಮೊಟ್ಟೆಗಳು ಈ ಔಷಧಕ್ಕೆ ಸಾಯದ ಕಾರಣ ಎರಡು ಮೂರು ವಾರದ ಅಂತರದಲ್ಲಿ ಮತ್ತೆ ಹೊಡೆಯುವುದು ಅನಿವಾರ್ಯ. ಪೂರ್ತಿ ಒಣಗಿ, ಸತ್ತ ಉಣ್ಣೆಗಳನ್ನು ಗುಡಿಸಿ ತೆಗೆದ ಮೇಲಷ್ಟೇ ಕೋಳಿಗಳನ್ನು ಬಿಡಿ, ಏಕೆಂದರೆ ಅವು ವಿಷ ತಾಗಿದ ಉಣ್ಣೆಗಳನ್ನು ಹೆಕ್ಕಿ ತಿನ್ನುತ್ತವೆ. ಸೀಮೆಎಣ್ಣೆಯಿಂದ ಎದುರಿಗೆ ಸಿಕ್ಕಿದ್ದು ಮಾತ್ರ ಸಾಯುತ್ತದೆ, ಬೆಂಕಿಯ ಭಯ ಬೇರೆ. ಸುಣ್ಣ ಒಳ್ಳೆಯದು, ಆದರೆ ಬಿರುಕುಗಳನ್ನು ಸಿಮೆಂಟಿನಿಂದಲೋ ಗಾರೆಯಿಂದಲೋ ಮುಚ್ಚಿದ ಮೇಲೆ.

ನನ್ನನ್ನು ಕೇಳಿದರೆ, ಕೋಳಿಗಳಿಗೆ ಆ ಗೋಡೆಯ ಸಹವಾಸವನ್ನೇ ಬಿಡಿಸುವುದು ಲೇಸು. ಬಯಲಿನಲ್ಲಿ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ಜಾಲರಿಯ ಗೂಡು ನಿಲ್ಲಿಸಿ, ಪ್ರತಿ ಕಾಲನ್ನೂ ಸುಟ್ಟ ಇಂಜಿನ್ ಎಣ್ಣೆ ತುಂಬಿದ ಡಬ್ಬಿಯಲ್ಲಿಟ್ಟರೆ ಉಣ್ಣೆ ಹತ್ತಲಾರದು. ಡಬ್ಬಿಗೆ ಮಳೆನೀರು ತುಂಬದಂತೆ, ಕೋಳಿಗಳು ಕೊಕ್ಕು ಅದ್ದದಂತೆ ಮುಚ್ಚಳದ ವ್ಯವಸ್ಥೆ ಇರಲಿ.

ಗಿರಿರಾಜ ಸಾಕಣೆ, ಮಂಡ್ಯ

ಹೆಬ್ಬಾಳದ ವರದಿ ಏನೇ ಬರಲಿ, ಉಳಿದವಕ್ಕೆ ಕೊಕ್ಕರೆ ರೋಗದ ಲಸಿಕೆಯನ್ನು ಯಾವಾಗ ಹಾಕಿಸಬಹುದೆಂದು ಡಾಕ್ಟರು ಇಲ್ಲಿಯೇ ಹೇಳಿಬಿಟ್ಟರೆ ಎಲ್ಲರಿಗೂ ಉಪಯೋಗವಾಗುತ್ತದೆ.

ನಿವೃತ್ತ ಪಶುವೈದ್ಯ, ತುಮಕೂರು

ಕಾಯಿಲೆಯಿಂದ ಎದ್ದವು ಎರಡು ಮೂರು ವಾರ ಚೆನ್ನಾಗಿ ತಿಂದುಂಡು ಗಟ್ಟಿಯಾಗಲಿ, ಆಮೇಲೆ ಹಾಕಿಸಿ. ಮರಿಗಳಿಗಾದರೆ ಐದರಿಂದ ಏಳನೆಯ ದಿನದೊಳಗೆ ಎಫ್1 ಅಥವಾ ಲಸೋಟಾ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಅಥವಾ ಮೂಗಿಗೆ ಬಿಡಬೇಕು. ನಾಲ್ಕನೆಯ ವಾರದಲ್ಲಿ ಲಸೋಟಾವನ್ನು ಮತ್ತೊಮ್ಮೆ. ಎಂಟು ವಾರ ತುಂಬಿದ ಮೇಲೆ ಆರ್2ಬಿ ಎಂಬ ಲಸಿಕೆಯನ್ನು ಚರ್ಮದಡಿಗೆ 0.5 ಮಿಲಿ. ಈ ಕೊನೆಯದು ಸ್ವಲ್ಪ ಉಗ್ರವಾದದ್ದಾದ್ದರಿಂದ ಚಿಕ್ಕ ಮರಿಗಳಿಗೆ ಕೂಡದು. ಲಸಿಕೆಗೆ ಒಂದು ವಾರ ಮೊದಲು ಜಂತುಹುಳುವಿನ ಔಷಧ ಕೊಡುವುದು ಒಳ್ಳೆಯದು. ನೀರಿನಲ್ಲಿ ಕೊಡುವುದಾದರೆ ನಲ್ಲಿಯ ಕ್ಲೋರಿನ್ ನೀರು ಬೇಡ. ಬಾವಿಯ ನೀರಿಗೆ ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ, ಅದರಲ್ಲಿ ಲಸಿಕೆ ಕರಗಿಸಿ, ಎರಡು ಗಂಟೆಯೊಳಗೆ ಕುಡಿದು ಮುಗಿಸುವಂತೆ ಮೊದಲೇ ಕೋಳಿಗಳನ್ನು ಬಾಯಾರಿಸಿಡಬೇಕು.

ಹಿತ್ತಲ ಮನೆ, ಶಿರಾ ತಾಲ್ಲೂಕು

ನಮ್ಮ ಬೀದಿಯ ಏಳು ಮನೆಗಳ ಕೋಳಿಗಳನ್ನು ಎಣಿಸಿದರೆ ನೂರಕ್ಕೆ ಸ್ವಲ್ಪ ಕಡಿಮೆಯಾಗುತ್ತದೆ. ಎಲ್ಲರೂ ಸೇರಿ ನೂರು ಡೋಸಿನ ಒಂದು ಸೀಸೆ ತರಿಸುವುದೆಂದೂ, ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಮನೆಯಿಂದ ಮನೆಗೆ ಹೋಗಿ ಹಾಕುವುದೆಂದೂ ಮಾತಾಗಿದೆ. ಹಾಲು ತರುವವರ ಬಳಿ ಥರ್ಮಾಕೋಲ್ ಪೆಟ್ಟಿಗೆಯಿದೆ. ಒಂದು ಸಂಶಯ ಮಾತ್ರ ಉಳಿದಿದೆ: ಒಂದೇ ಸೂಜಿಯಿಂದ ಏಳು ಮನೆಗಳ ಕೋಳಿಗಳಿಗೂ ಚುಚ್ಚಬಹುದೇ?

ನಿವೃತ್ತ ಪಶುವೈದ್ಯ, ತುಮಕೂರು

ಬೇಡ. ಮನೆಗೊಂದು ಸೂಜಿ ಬದಲಿಸಿ. ಒಂದು ಮನೆಯ ಕೋಳಿಗೆ ಗುಪ್ತವಾಗಿ ಇದೇ ಉಣ್ಣೆ ಜ್ವರವಿದ್ದರೆ ರಕ್ತ ತಾಗಿದ ಸೂಜಿಯಿಂದ ಉಳಿದ ಆರು ಮನೆಗಳಿಗೂ ಹೋಗಬಹುದು. ಲಸಿಕೆ ಬೆರೆಸಿದ ಸೀಸೆಯನ್ನು ಮಂಜುಗಡ್ಡೆಯ ಮೇಲೆಯೇ ಇಟ್ಟುಕೊಂಡು ನಡೆಯಿರಿ, ಮತ್ತು ತಮ್ಮ ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ.